ಬೆವರು ಹಿಂಡದೆ 65.8: ನನ್ನ ಅನುಭವ

ನಾನು ಆಡುವುದು ಎಂಎಂಎ, ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಆಟ, 65.8 ಕೆಜಿ ಕ್ಲಾಸಿನಲ್ಲಿ. ಕಳೆದ ಫೈಟ್‌ಗೆ ತೂಕ ಕೊಟ್ಟಾಗ ನಾನು 65.7 ಇದ್ದೆ. ಮಾರನೇ ದಿನ ಸಂಜೆ ಜಾಲರಿಯ ಕೇಜ್ ಹತ್ತುವಾಗ ಹೆಚ್ಚೆಂದರೆ 68.5. ಎದುರಿನವನು ಆ ಹೊತ್ತಿಗೆ 74ರ ಹತ್ತಿರ ಇದ್ದ. ಇದು ಅವನ ಕಾರ್ನರ್‌ನವರೇ (ಜೊತೆಗೆ ಬಂದ ಸಹಾಯಕರು) ಆಮೇಲೆ ಹೇಳಿದ್ದು. ಐದಾರು ಕೆಜಿ ವ್ಯತ್ಯಾಸ. ಆದರೂ ಮೂರನೇ ರೌಂಡಿನಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವನು ಅವನು. ನಾನು ಜಾಲರಿಗೆ ಒತ್ತಿ, ಕೆಳಗೆ ಹಾಕಿ, ಕೊನೆಯ ಎರಡು ನಿಮಿಷ ಮೇಲೇ ಕೂತಿದ್ದೆ. ಮೂವರು ಜಡ್ಜ್‌ಗಳೂ ನನಗೇ ಬರೆದರು. ಅದರ ಹಿಂದಿನದೂ ಗೆಲುವು, ಅದಕ್ಕೂ ಹಿಂದಿನದೂ.

"ಬೆವರು ಹಿಂಡದೆ ತೂಕ ಇಳಿಸಿ ಗೆಲ್ಲೋಕೆ ಆಗೋದಿಲ್ಲ" ಎಂದವರ ಪಟ್ಟಿ ದೊಡ್ಡದಿದೆ. ಬೆಂಗಳೂರಿನ ಹಳೇ ಜಿಮ್‌ನ ಕೋಚ್, ಮಡಗಾಂವ್‌ನಲ್ಲಿ ಜೊತೆಗೆ ಸ್ಪಾರಿಂಗ್ ಮಾಡುವವರು, ಹಳಿಯಾಳದ ಗರಡಿಯ ಹಿರಿಯರು, ಕೊನೆಗೆ ನನ್ನ ಸೋದರಮಾವ ಕೂಡ. ಈಗ ಅವರಲ್ಲೇ ಒಂದಿಬ್ಬರು ಫೋನ್ ಮಾಡಿ "ಏನು ತಿಂತೀಯಾ, ಸರಿಯಾಗಿ ಹೇಳು" ಅನ್ನುತ್ತಿದ್ದಾರೆ. ಪ್ರತಿಯೊಬ್ಬರಿಗೂ ಅದನ್ನೇ ಹೇಳಿ ಸಾಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಕಟ್ ಅಂದರೆ ಫೈಟಿಗೆ ಮುಂಚೆ ತೂಕ ಇಳಿಸುವುದು, ಕ್ಯಾಂಪ್ ಅಂದರೆ ಫೈಟಿನ ತಯಾರಿಯ ವಾರಗಳು, ಅದಕ್ಕಿಂತ ಹೆಚ್ಚು ವಿವರಿಸುತ್ತಾ ಕೂರುವುದಿಲ್ಲ. ಒಮ್ಮೆಯಾದರೂ ತಕ್ಕಡಿ ಮೇಲೆ ಟವೆಲ್ ಹಿಡಿದು ನಿಂತವರಿಗೆ ಇದು.

ಮೊದಲು ನಾನು 61.2 ಕೆಜಿ ಕ್ಲಾಸಿನಲ್ಲಿ ಆಡುತ್ತಿದ್ದೆ. ಸುಮ್ನೆ ಇದ್ದಾಗಿನ ತೂಕ 71-72. ಆರೇಳು ಕೆಜಿ ಊಟದಲ್ಲಿ ಇಳಿಯುತ್ತಿತ್ತು. ಉಳಿದ ನಾಲ್ಕು ಚಿಲ್ಲರೆ ಕೆಜಿ ಕೊನೆಯ ಒಂದೂವರೆ ದಿನದಲ್ಲಿ ಬೆವರಾಗಿ ಹೋಗಬೇಕು. ಎಲ್ಲರೂ ಹಾಗೇ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಕೆಳಗಿನ ಕ್ಲಾಸಿಗೆ ಇಳಿದರೆ ನೀನೇ ದೊಡ್ಡವ ಅನ್ನುವುದು ಲೆಕ್ಕ. ಎದುರಿನವನೂ ಅದೇ ಲೆಕ್ಕ ಹಾಕಿಕೊಂಡು ಇಳಿದು ಬಂದಿರುತ್ತಾನೆ, ಅಲ್ವಾ? ಇಬ್ಬರೂ ಸೊರಗಿ ಬಂದು, ಮತ್ತೆ ಅಷ್ಟೇ ದೊಡ್ಡವರಾಗಿ ಎದುರು ನಿಲ್ಲುತ್ತೇವೆ. ಲಾಭ ಯಾರಿಗೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಉತ್ತರದ ಹುಡುಗರು ಬೆವರಿಳಿಸಲು ಗಾಳಿಯಾಡದ ಸ್ವೆಟ್ ಸೂಟ್ ಹಾಕಿ ಓಡುತ್ತಾರೆ, ಬಿಚ್ಚಿ ಗಾಳಿಗೆ ಕೂತರೆ ಹತ್ತು ನಿಮಿಷದಲ್ಲಿ ಮೈ ತಣ್ಣಗಾಗುತ್ತದೆ. ಅಲ್ಲಿಯ ಗಾಳಿ ಒಣ. ಕಾರವಾರದ ಏಪ್ರಿಲ್‌ನಲ್ಲಿ ಅದನ್ನೇ ಮಾಡಿ ನೋಡಿ. ಸೂಟ್ ಬಿಚ್ಚಿದ ಮೇಲೂ ಬೆವರು ಇಳಿಯುತ್ತಲೇ ಇರುತ್ತದೆ, ಆರುವುದೇ ಇಲ್ಲ. ಬೆವರು ಆರದಿದ್ದರೆ ಮೈಯ ಕಾವು ಹೋಗುವುದಿಲ್ಲ. ನಾನು ಕೋಡಿಬಾಗದಿಂದ ಹೊರಟು, ಕಾಳಿ ಸೇತುವೆ ದಾಟಿ, ಸದಾಶಿವಗಡದ ಗುಡ್ಡ ಹತ್ತಿ ಇಳಿದು ವಾಪಸ್ ಬರುತ್ತಿದ್ದೆ. (2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ನದಿಗೆ ಬಿದ್ದ ಮೇಲೆ ಹೊಸದರ ಅಂಚಿನಲ್ಲಿ ಲಾರಿಗಳ ಪಕ್ಕ ಓಡುವುದಿದೆಯಲ್ಲ, ಅದು ಬೇರೆಯೇ ಕ್ರೀಡೆ.) ಮನೆಗೆ ಬಂದು ಫ್ಯಾನ್ ಕೆಳಗೆ ಅರ್ಧ ಗಂಟೆ ಕೂತರೂ ಎದೆ ಬಡಿತ ಇಳಿಯುತ್ತಿರಲಿಲ್ಲ. ಆಯಿ ಬಾಗಿಲಲ್ಲಿ ನಿಂತು, "ತಮಾ, ಹೊಡೆದಾಡುಕೆ ಹೋಗೂದು ನೀನು, ಒಣಮೀನು ಆಗೂದು ಎಂತಕ್ಕೆ?" ಅಂತಿದ್ದಳು. ನಾನು ಉತ್ತರ ಕೊಡುತ್ತಿರಲಿಲ್ಲ. ಬಾಯಲ್ಲಿ ಉಗುಳಿದ್ದರಲ್ಲವೇ ಮಾತಾಡುವುದು.

ಮೊದಲ ಪ್ರೊ ಫೈಟ್ ಹಾಗೇ ಆಡಿದ್ದು. ತೂಕ ಸರಿಯಾಗಿ ಬಂತು, ಅಷ್ಟು ಮಾತ್ರ ಬಂತು. ಅಮೆಚೂರ್‌ನಲ್ಲಿ 3 ನಿಮಿಷದ ರೌಂಡು, ಹೇಗೋ ಎಳೆದುಬಿಡಬಹುದು. ಪ್ರೊನಲ್ಲಿ 5 ನಿಮಿಷ. ಮೊದಲ ರೌಂಡ್ ನನ್ನದೇ. ಎರಡನೆಯದರಲ್ಲಿ ಕಾಲು ಏಳಲಿಲ್ಲ. ಎರಡೂ ಕಾಲು ಹಿಡಿದು ಕೆಡವಲು ಡಬಲ್ ಲೆಗ್‌ಗೆ ಹೊಕ್ಕೆ, ತೊಡೆ ಕೈಗೆ ಸಿಕ್ಕಿತು, ಎತ್ತಲು ಬಲ ಇಲ್ಲ. ಅವನು ಸ್ಪ್ರಾಲ್ ಮಾಡಿ, ಅಂದರೆ ಕಾಲು ಹಿಂದಕ್ಕೆ ಚಾಚಿ, ಮೈಮೇಲೆ ಬಿದ್ದ. ಕುಸ್ತಿಯಿಂದ ಬಂದ ನಮ್ಮಂಥವರಿಗೆ ಒಂದು ರೋಗ ಇದೆ, ಬೆನ್ನು ನೆಲಕ್ಕೆ ತಾಗಿಸುವುದಿಲ್ಲ. ಕೆಳಗೆ ಬಂದ ಕೂಡಲೇ ಮೈ ತಾನಾಗಿ ಹೊಟ್ಟೆಯ ಮೇಲೆ ತಿರುಗಿಬಿಡುತ್ತದೆ. ಹಳಿಯಾಳದಲ್ಲಿ ಇದಕ್ಕೆ ಶಹಬ್ಬಾಸ್ ಸಿಗುತ್ತದೆ. ಕೇಜಿನಲ್ಲಿ ಎದುರಿನವನು ಬೆನ್ನಿನ ಮೇಲೆ ಆರಾಮಾಗಿ ಕೂರುತ್ತಾನೆ. ಮೊದಲು ಒಂದು ಹಿಮ್ಮಡಿ ತೊಡೆಯ ಒಳಗೆ ಸಿಕ್ಕಿಸುತ್ತಾನೆ, ಆಮೇಲೆ ಇನ್ನೊಂದು. ಕಿವಿಯ ಹತ್ತಿರ ಎರಡು ಗುದ್ದು. ನೀವು ಕೈ ಎತ್ತುತ್ತೀರಿ, ಗಲ್ಲದ ಕೆಳಗೆ ಜಾಗ ಆಗುತ್ತದೆ, ಮುಂಗೈ ಒಳಗೆ ಬರುತ್ತದೆ. ಮೈಯಲ್ಲಿ ನೀರಿದ್ದ ದಿನ ನಾನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಎಳೆದುಕೊಳ್ಳುತ್ತೇನೆ, ಅಲ್ಲೇ ನಿಲ್ಲಿಸುತ್ತೇನೆ. ಅವತ್ತು ಬೆರಳು ಮಡಚಲಿಲ್ಲ. ಸ್ನಾಯು ಹಿಡಿದುಕೊಂಡಿತ್ತು. ಟ್ಯಾಪ್, ಅಂದರೆ ಕೈ ಬಡಿದು ಸೋಲೊಪ್ಪಿದೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ, ಇದನ್ನು ಯಾರೂ ಹೇಳುವುದಿಲ್ಲ. ಆಡಿದ್ದಕ್ಕೆ ಸುಮಾರು 15 ಸಾವಿರ, ಗೆದ್ದರೆ ಮತ್ತೆ ಅಷ್ಟೇ. ಗೆಲ್ಲಲಿಲ್ಲ. ಅದರಲ್ಲಿ ಕೋಚ್‌ಗೆ ಹತ್ತು ಪರ್ಸೆಂಟ್. ಎಚ್ಐವಿ, ಹೆಪಟೈಟಿಸ್ ಬಿ, ಸಿ, ಇನ್ನೊಂದಿಷ್ಟು ರಕ್ತ ಪರೀಕ್ಷೆ ಸೇರಿ ಮೂರೂವರೆ ಸಾವಿರದ ಹತ್ತಿರ. ರೈಲು, ಕಾರ್ನರ್‌ಗೆ ಬಂದ ಗೆಳೆಯನ ಟಿಕೆಟ್, ಎರಡು ರಾತ್ರಿಯ ರೂಮು, ಬೆವರಿಳಿಸಲು ಹೋಟೆಲಿನ ಸೌನಾಕ್ಕೆ ಕೊಟ್ಟದ್ದು. ಕ್ಯಾಂಪಿನ ಎರಡು ತಿಂಗಳು ಇಲ್ಲಿ ಟ್ರೇನಿಂಗ್ ಕೊಡುವುದನ್ನು ಅರ್ಧಕ್ಕೆ ಇಳಿಸಿದ್ದೆ, ಆ ಸಂಪಾದನೆಯೂ ಹೋಯಿತು. ಎಲ್ಲ ಸೇರಿಸಿದರೆ ಕೈಯಿಂದ ಎಂಟು ಹತ್ತು ಸಾವಿರ ಹಾಕಿ ಕುತ್ತಿಗೆ ಹಿಸುಕಿಸಿಕೊಂಡು ಬಂದಂತಾಯಿತು.

ಇನ್ನೊಂದು ಸಲ ತೂಕವೇ ಬರಲಿಲ್ಲ. ಟೈಟಲ್ ಅಲ್ಲದ ಫೈಟಿಗೆ ಒಂದು ಪೌಂಡ್, ಅಂದರೆ 450 ಗ್ರಾಂ, ಬಿಡುತ್ತಾರೆ. ನಾನು ಅದನ್ನೂ ದಾಟಿ ಅರ್ಧ ಕೆಜಿ ಮೇಲೆ. ಪರ್ಸಿನ, ಅಂದರೆ ಫೈಟಿನ ದುಡ್ಡಿನ, ಐದರಲ್ಲೊಂದು ಪಾಲು ಎದುರಿನವನಿಗೆ ಹೋಯಿತು. ಮತ್ತೊಂದು ಸಲ ತೂಕದ ಹಿಂದಿನ ರಾತ್ರಿ ಸೌನಾದಿಂದ ಹೊರಗೆ ಬಂದವನು ಕಾರಿಡಾರ್‌ನಲ್ಲೇ ಕುಸಿದೆ. ಕಣ್ಣು ಬಿಟ್ಟಾಗ ಗೆಳೆಯ ಮುಖಕ್ಕೆ ನೀರು ಹೊಡೆಯುತ್ತಿದ್ದ, ನಾನು ಬಾಯಿ ಮುಚ್ಚಿಕೊಂಡಿದ್ದೆನಂತೆ, ನೀರು ಒಳಗೆ ಹೋದರೆ ತೂಕ ಏರುತ್ತದೆ ಎಂದು! ಬೆಳಿಗ್ಗೆ ಡಾಕ್ಟರ್ ನಾಡಿ ನೋಡಿ ಆಡಲು ಬಿಡಲಿಲ್ಲ. ಆ ಫೈಟಿನ ದುಡ್ಡು ಸೊನ್ನೆ.

ಆಗ ಜಿಮ್‌ನಲ್ಲಿ ಎಲ್ಲರ ಬಾಯಲ್ಲೂ ರಷ್ಯಾದ ಎಂಎಂಎ ಫೈಟರ್ ಖಬೀಬ್. ಅವನು ಎಷ್ಟು ಇಳಿಸುತ್ತಾನೆ ಗೊತ್ತಾ, ನಿನಗೇನು ಅಂತ. ಅದೇ ಖಬೀಬ್ 2017ರ ಮಾರ್ಚ್‌ನಲ್ಲಿ ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆ ಯುಎಫ್‌ಸಿಯ 209ನೇ ಕೂಟಕ್ಕೆ ತೂಕ ಇಳಿಸುವಾಗಲೇ ಆಸ್ಪತ್ರೆ ಸೇರಿದ, ಟೋನಿ ಫರ್ಗ್ಯುಸನ್ ಜೊತೆಗಿನ ಫೈಟೇ ರದ್ದಾಯಿತು. ಅದನ್ನು ಯಾರೂ ನೆನಪಿಸುವುದಿಲ್ಲ. ನನ್ನ ತಲೆಯಲ್ಲಿ ಉಳಿದದ್ದು ಇನ್ನೊಂದು. 2015ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಏಷ್ಯಾದ ಎಂಎಂಎ ಸಂಸ್ಥೆ ಒನ್ ಚಾಂಪಿಯನ್‌ಶಿಪ್‌ಗೆ ತೂಕ ಇಳಿಸುತ್ತಿದ್ದ ಚೀನಾದ ಯಾಂಗ್ ಜಿಯಾನ್ ಬಿಂಗ್ ತೀರಿಕೊಂಡ. 21 ವರ್ಷ. ಅದಾದ ಮೇಲೆ ಒನ್‌ನವರು ಒಣಗಿಸಿ ತೂಕ ಇಳಿಸುವುದನ್ನೇ ನಿಲ್ಲಿಸಿದರು. ತೂಕದ ಜೊತೆ ಮೂತ್ರದ ಸಾಂದ್ರತೆಯನ್ನೂ ನೋಡುತ್ತಾರೆ (ಮೈ ಒಣಗಿದಷ್ಟೂ ಅದು ಏರುತ್ತದೆ), 1.025ಕ್ಕಿಂತ ಮೇಲಿದ್ದರೆ ಫೇಲ್. ಕ್ಲಾಸುಗಳನ್ನೂ ಒಂದೊಂದು ಮೆಟ್ಟಿಲು ಮೇಲೆ ಸರಿಸಿದರು. ಯುಎಫ್‌ಸಿಯಲ್ಲಿ ಬ್ಯಾಂಟಮ್‌ವೇಟ್ ಅಂದರೆ 61.2, ಒನ್‌ನಲ್ಲಿ ಬ್ಯಾಂಟಮ್‌ವೇಟ್ ಅಂದರೆ 65.8.

ನಾನು 65.8ಕ್ಕೆ ಹೋಗುತ್ತೇನೆ ಅಂದಾಗ ಕೋಚ್ ನಕ್ಕರು. "ಅಲ್ಲಿ ನಿನ್ನನ್ನ ಎತ್ತಿ ಬಿಸಾಡ್ತಾರೆ, ಮೇಲಿನ ಕ್ಲಾಸು ನಿನ್ನ ಮೈಗೆ ಅಲ್ಲ" ಅಂದರು. "ಸರ್, ನಾನು ಕ್ಲಾಸ್ ಬದಲಿಸ್ತಾ ಇಲ್ಲ, ಒನ್ ಲೆಕ್ಕದಲ್ಲಿ ಈಗಲೂ ಬ್ಯಾಂಟಮ್ಮೇ" ಅಂದೆ. ಅವರಿಗೆ ಹಿಡಿಸಲಿಲ್ಲ. ಆ ಜಿಮ್‌ಗೆ ಆಮೇಲೆ ಹೋಗುವುದು ಕಮ್ಮಿಯಾಯಿತು. ವಾರಕ್ಕೆ ಒಂದೆರಡು ಸಲ ಶಿರವಾಡ ಸ್ಟೇಶನ್ನಿನಿಂದ ರೈಲು ಹತ್ತಿ ಮಡಗಾಂವ್‌ಗೆ ಹೋಗಿ ಗ್ರ್ಯಾಪ್ಲಿಂಗ್ (ಹಿಡಿದು ಕೆಡವುವ ಪಟ್ಟುಗಳು) ಮಾಡುತ್ತೇನೆ, ಉಳಿದದ್ದು ಊರಲ್ಲೇ.

ಈಗ ಆ ಮೂತ್ರದ ವಿಷಯ. ನಮ್ಮಲ್ಲಿಯ ಫೈಟುಗಳಲ್ಲಿ ನನಗೆ ಅದನ್ನು ಯಾರೂ ಕೇಳಿಲ್ಲ. ಆದರೆ ನಾನು ಒಣಗುತ್ತಿದ್ದೇನೋ ಇಲ್ಲವೋ ಅಂತ ನನಗೇ ಗೊತ್ತಾಗಬೇಕಿತ್ತಲ್ಲ. ಕುಮಟಾ ಹತ್ತಿರ ಗಜನಿಯಲ್ಲಿ (ಉಪ್ಪುನೀರಿನ ಗದ್ದೆ) ಸಿಗಡಿ ಸಾಕುವ ಗೆಳೆಯನೊಬ್ಬ ಇದ್ದಾನೆ. ಹೊಂಡದ ನೀರಿನ ಉಪ್ಪು ನೋಡಲು ಅವನ ಹತ್ತಿರ ರಿಫ್ರಾಕ್ಟೋಮೀಟರ್ ಇತ್ತು. ಗೇಣುದ್ದದ ಕೊಳವೆ. ತುದಿಯ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ, ನಡುವಿನ ಗೆರೆ ಎಲ್ಲಿ ನಿಂತಿದೆಯೋ ಅದು ಲೆಕ್ಕ. ಒಂದು ಕಡೆ ಉಪ್ಪಿನ ಅಂಕಿ, ಇನ್ನೊಂದು ಕಡೆ 1.000ದಿಂದ ಶುರುವಾಗುವ ಸಾಂದ್ರತೆಯ ಅಂಕಿ. ಅದನ್ನು ನೋಡಿದ ಕೂಡಲೇ ನನಗೆ ಹೊಳೆಯಿತು. ಒಂದು ವಾರಕ್ಕೆ ಅಂತ ಕೇಳಿ ತಂದೆ. ಯಾಕೆ ಅಂತ ಹೇಳಿರಲಿಲ್ಲ. ಹೇಳಿದ ಮೇಲೆ ಅವನು, "ಮಾರಾಯಾ, ಅದು ನಿನ್ನ ಹತ್ರಾನೇ ಇರ್ಲಿ" ಅಂದ. ಹೊಸದಕ್ಕೆ ಒಂದೂವರೆ ಸಾವಿರದ ಆಸುಪಾಸು ಕೊಟ್ಟು ತೀರಿಸಿದೆ.

ಇದು ಸಮುದ್ರದ ನೀರಿಗೆ ಮಾಡಿದ ಅಳತೆ. ಮೂತ್ರಕ್ಕೆ ಸ್ವಲ್ಪ ಹೆಚ್ಚುಕಮ್ಮಿ ತೋರಿಸುತ್ತದೆ, ಅದಕ್ಕೆಂದೇ ಬೇರೆ ಉಪಕರಣ ಸಿಗುತ್ತದೆ. ಆದರೆ ನಿನ್ನೆಗೂ ಇವತ್ತಿಗೂ ಹೋಲಿಸಲು ಇದೇ ಸಾಕು. ತಮಾಷೆ ಏನೆಂದರೆ ಟಾಗೋರ್ ಕಡಲತೀರದ ನೀರು ತಂದು ಹಾಕಿದರೆ ಬೇಸಿಗೆಯಲ್ಲಿ 1.025, 1.026ರ ಹತ್ತಿರ ನಿಲ್ಲುತ್ತದೆ. ಒನ್‌ನವರು ಫೇಲ್ ಮಾಡುವ ಗೆರೆಯೂ ಅಲ್ಲೇ! ನನ್ನ ಹಳೇ ರೀತಿಯಲ್ಲಿ ಒಮ್ಮೆ ಬೇಕೆಂದೇ ಒಣಗಿ ನೋಡಿದೆ. ಗೆರೆ 1.030 ದಾಟಿ ಹೋಗಿತ್ತು. ಈಗ ಕ್ಯಾಂಪ್ ಪೂರ್ತಿ ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತೇನೆ. 1.020ರ ಕೆಳಗಿದ್ದರೆ ಆ ದಿನದ ಕೆಲಸ ಪೂರ್ತಿ, ಮೇಲಿದ್ದರೆ ಓಟ ಇಲ್ಲ, ಬರೀ ಪ್ಯಾಡಿಗೆ ಗುದ್ದುವುದು.

ತೂಕಕ್ಕೆ ಮನೆಯ ತಕ್ಕಡಿ ನಂಬುವುದಿಲ್ಲ. ನೆಲದ ಹಾಸುಗಲ್ಲು ಬದಲಾದರೆ ಅದರ ಮಾತೂ ಬದಲಾಗುತ್ತದೆ. ಬೈತಖೋಲ ಬಂದರಿನಲ್ಲಿ ಮೀನು ತೂಗುವ ಕಾಟಾ ಇದೆ, ಪರಿಚಯದವರದು. ಮೀನಿನ ದುಡ್ಡು ಅದರ ಮೇಲೇ ನಿಂತಿರುವುದರಿಂದ ಅದನ್ನು ಸರಿಯಾಗಿ ಇಟ್ಟಿರುತ್ತಾರೆ. ವಾರಕ್ಕೊಮ್ಮೆ ಅಲ್ಲಿ ಹತ್ತುತ್ತೇನೆ. "ಇವತ್ತು ಕೆಜಿಗೆ ಎಷ್ಟು?" ಅಂತ ಹೆಂಗಸರು ಕೇಳುತ್ತಾರೆ, ನನ್ನನ್ನು.

ಊಟದ ವಿಷಯಕ್ಕೆ ಬರೋಣ, ಫೋನ್ ಮಾಡುವವರಿಗೆ ಬೇಕಾದದ್ದು ಅದೇ. ಕ್ಯಾಂಪಿಗೆ ಏಳೆಂಟು ವಾರ. ಶುರುವಿನಲ್ಲಿ 71ರ ಹತ್ತಿರ ಇರುತ್ತೇನೆ. ಫೈಟಿನ ವಾರ ಬರುವ ಹೊತ್ತಿಗೆ 68.5. ಇದಕ್ಕೆ ವಿಶೇಷ ಏನಿಲ್ಲ: ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಸಿಕ್ಕಿದಾಗ ಗಜನಿಯಲ್ಲಿ ಬೆಳೆಯುವ ಕಗ್ಗದ ಅಕ್ಕಿಯದು. ಮಧ್ಯಾಹ್ನ ಮೀನು, ರಾತ್ರಿ ಅನ್ನ ಕಮ್ಮಿ, ಮೊಟ್ಟೆ ಜಾಸ್ತಿ. ತೆಂಗಿನಕಾಯಿ ಅರೆದು ಹಾಕುವುದು ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ಆಯಿಯನ್ನು ಒಪ್ಪಿಸುವುದು ಯಾವ ಎದುರಾಳಿಗಿಂತಲೂ ಕಷ್ಟ. ಕಾಯಿ ಇಲ್ಲದ ಸಾರು ಅವಳ ಲೆಕ್ಕದಲ್ಲಿ ಕಾಯಿಲೆಯವರ ಊಟ.

ಕೊನೆಯ ವಾರದಲ್ಲಿ ಹೋಗಬೇಕಾದದ್ದು 2.7 ಕೆಜಿ. ಅದನ್ನು ಬೆವರಿನಿಂದ ತೆಗೆಯುವುದಿಲ್ಲ. ನಾಲ್ಕು ದಿನ ಮೊದಲು ಕುಚ್ಚಲಕ್ಕಿ ಬಂದ್, ಬೆಳ್ತಿಗೆ ಅನ್ನ ಒಂದು ಮುಷ್ಟಿ. ಸೊಪ್ಪು, ಕಾಳು, ಹಣ್ಣು ಯಾವುದೂ ಇಲ್ಲ. ನಾರು ಇಲ್ಲದಿದ್ದರೆ ಕರುಳು ಖಾಲಿಯಾಗುತ್ತದೆ, ಅದರಲ್ಲೇ ಮುಕ್ಕಾಲರಿಂದ ಒಂದು ಕೆಜಿ ಹೋಗುತ್ತದೆ. ಅನ್ನ ಇಳಿಸಿದ್ದಕ್ಕೆ ಸ್ನಾಯುವಿನೊಳಗಿನ ಸಕ್ಕರೆ ಇಳಿಯುತ್ತದೆ. ಅದು ಒಂದು ಗ್ರಾಂ ಹೋದರೆ ಜೊತೆಗೆ ಮೂರು ಗ್ರಾಂ ನೀರೂ ಹೋಗುತ್ತದೆ. ಬಂಗಡೆ, ತಾರ್ಲೆ ಬಿಟ್ಟು ಕಾಣೆ ಮೀನು, ಎಣ್ಣೆ ಇಲ್ಲದೆ, ಅರಿಶಿನ ಹಾಕಿ ಬೇಯಿಸಿದ್ದು. ನೀರು ಕುಡಿಯುವುದನ್ನು ಮಾತ್ರ ತೂಕದ ಹಿಂದಿನ ದಿನ ಮಧ್ಯಾಹ್ನದವರೆಗೂ ನಿಲ್ಲಿಸುವುದಿಲ್ಲ. ಇದನ್ನೇ ಯಾರೂ ನಂಬುತ್ತಿರಲಿಲ್ಲ. ಕೊನೆಗೆ ಅರ್ಧ ಕೆಜಿ, ಹೆಚ್ಚೆಂದರೆ 600 ಗ್ರಾಂ ಉಳಿಯುತ್ತದೆ. ರಾತ್ರಿ ಮಲಗಿದಾಗ ಉಸಿರಲ್ಲಿ, ಬೆವರಲ್ಲಿ, ಬೆಳಗಿನ ಮೂತ್ರದಲ್ಲಿ ಅದು ತಾನಾಗಿ ಹೋಗುತ್ತದೆ. ಕರಾವಳಿಯ ಸೆಕೆ ಇಲ್ಲಿ ಮಾತ್ರ ಉಪಕಾರಕ್ಕೆ ಬರುತ್ತದೆ. ಬೆಂಗಳೂರಿನ ಚಳಿಯಲ್ಲಿ ಮಲಗಿದ ರಾತ್ರಿ ಇನ್ನೂರು ಗ್ರಾಂ ಕಮ್ಮಿ ಹೋಗಿತ್ತು. ಎದ್ದು ಹೋಟೆಲಿನ ಮೆಟ್ಟಿಲು ಹತ್ತಿ ಇಳಿಯಬೇಕಾಯಿತು.

ಉಪ್ಪಿನ ಲೆಕ್ಕ ಇದೆ. ಸಾಣಿಕಟ್ಟಾದ ಹರಳುಪ್ಪನ್ನು ಕುಟ್ಟಿ, ಸಣ್ಣ ತಕ್ಕಡಿಯಲ್ಲಿ ತೂಗಿ, ದಿನದ ಪಾಲನ್ನು ಪೊಟ್ಟಣ ಕಟ್ಟಿಡುತ್ತೇನೆ. ಸೊನ್ನೆಗೆ ಇಳಿಸುವುದಿಲ್ಲ, ಇಳಿಸಿದವರು ತಲೆ ತಿರುಗಿ ಬೀಳುತ್ತಾರೆ. ಯಾವ ದಿನ ಎಷ್ಟು ಗ್ರಾಂ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಸಿಕ್ಕಲು ನನಗೆ ಎರಡು ವರ್ಷ, ಒಂದಿಷ್ಟು ಸೋಲು ಹಿಡಿದಿದೆ. ಎದುರಿನ ಕಾರ್ನರ್‌ನಲ್ಲಿ ಇದನ್ನು ಓದುವವರೂ ಇದ್ದಾರೆ ಅಂತ ನನಗೆ ಗೊತ್ತು.

ನಡುವೆ ಮಾಡಿದ ಕಿತಾಪತಿಗಳೂ ಇವೆ. ಬಿಸಿನೀರಿಗೆ ಎಪ್ಸಮ್ ಉಪ್ಪು ಹಾಕಿ ಕೂತರೆ ಬೆವರು ಜಾಸ್ತಿ ಅಂತಾರಲ್ಲ, ಒಂದು ಪ್ಯಾಕೆಟ್ಟಿಗೆ ದುಡ್ಡು ಯಾಕೆ, ಮನೆ ಎದುರೇ ಸಮುದ್ರ ಇದೆ ಅಂತ ಕೊಡಗಟ್ಟಲೆ ನೀರು ಹೊತ್ತು ತಂದು ಬಚ್ಚಲಿನ ಹಂಡೆಗೆ ಹಾಕಿ ಕಾಸಿದೆ. ಇಪ್ಪತ್ತು ನಿಮಿಷಕ್ಕೆ ಹೋದದ್ದು 600 ಗ್ರಾಂ. ಮಾರನೇ ವಾರ ಬಾವಿಯ ನೀರಿನಲ್ಲಿ ಕೂತೆ, ಅದೂ 600ರ ಆಸುಪಾಸು. ಉಪ್ಪಿನಿಂದ ಏನೂ ಆಗಿಲ್ಲ, ಬಿಸಿಯಿಂದ ಆದದ್ದು. ಮೈ ಎರಡು ದಿನ ತುರಿಸಿತು. ತಾಮ್ರದ ಹಂಡೆ ಒಳಗೆಲ್ಲ ಹಸಿರು ಕಟ್ಟಿತು. ಆಯಿ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ನನಗೆ ಬೈದದ್ದನ್ನು ಪಕ್ಕದ ಮನೆಯವರೂ ಕೇಳಿದರು.

ತೂಕ ಕೊಟ್ಟ ಮೇಲೆ ಎಳನೀರು ಕುಡಿಯುವುದು ಇನ್ನೊಂದು. ನಮ್ಮೂರಿನವನಿಗೆ ಅದು ಬಿಟ್ಟು ಬೇರೇನು ಹೊಳೆಯುತ್ತದೆ? ಒಂದರ ಹಿಂದೆ ಒಂದು ಐದಾರು ಕುಡಿದೆ. ರಾತ್ರಿಯಿಡೀ ಹೊಟ್ಟೆ ಕೆಟ್ಟಿತು. ಎಳನೀರಿನಲ್ಲಿ ಪೊಟ್ಯಾಸಿಯಂ ಬೇಕಾದಷ್ಟಿದೆ, ಸೋಡಿಯಂ ತೀರಾ ಕಮ್ಮಿ. ಬೆವರಲ್ಲಿ ಹೋದದ್ದು ಸೋಡಿಯಂ. ಈಗ ಮೊದಲು ಓಆರ್‌ಎಸ್, ಲೀಟರಿಗೆ ಅಳೆದು, ಗುಟುಕು ಗುಟುಕಾಗಿ. ಭೇದಿಯಾದ ಮಕ್ಕಳಿಗೆ ಕೊಡುವ ಆ ಪೊಟ್ಟಣ ಇಪ್ಪತ್ತು ಇಪ್ಪತ್ತೈದು ರೂಪಾಯಿಗೆ ಸಿಗುತ್ತದೆ. ಅದರ ಮುಂದೆ ಸಾವಿರ ರೂಪಾಯಿಯ ಡಬ್ಬದ ಪುಡಿ ಸುಮ್ನೆ ಬಣ್ಣ. ಆಮೇಲೆ ತೆಳು ಗಂಜಿ, ಬೆಲ್ಲ ಹಾಕಿದ ಮುರುಗಲ ಹಣ್ಣಿನ ನೀರು. ಯಾವುದು ಎಷ್ಟು ಹೊತ್ತಿಗೆ ಅನ್ನುವುದನ್ನೂ ಇಟ್ಟುಕೊಂಡಿದ್ದೇನೆ, ಬೇಜಾರು ಮಾಡಬೇಡಿ.

ರಂಪಣಿ ಎಳೆಯುವವರ ಜೊತೆ ಸೇರಿದ್ದು ಮಾತ್ರ ತೂಕಕ್ಕಲ್ಲ, ಹಿಡಿತಕ್ಕೆ. ದಡದಲ್ಲಿ ಸಾಲಾಗಿ ನಿಂತು ಬಲೆಯ ಹಗ್ಗ ಎಳೆಯುವಾಗ ಕಾಲು ಮರಳಲ್ಲಿ ಹೂತು, ಬೆನ್ನು ಹಿಂದಕ್ಕೆ ವಾಲಿ, ಒಂದೇ ಸಮ ಜಗ್ಗಬೇಕು. ಅಲೆ ವಾಪಸ್ ಎಳೆದಾಗ ಬಿಡಬಾರದು, ತಡೆದುಕೊಂಡು ನಿಲ್ಲಬೇಕು. ಜಾಲರಿಗೆ ಒತ್ತಿ ಹಿಡಿದವನ ಸೊಂಟ ಜಗ್ಗುವಾಗಲೂ ಅದೇ ಕೆಲಸ. ಜಿಮ್‌ನ ಕೇಬಲ್ಲಿನಲ್ಲಿ ಈ ಎಳೆತ ಸಿಗುವುದಿಲ್ಲ, ಭಾರ ಅಲ್ಲಿ ಒಂದೇ ಥರ ಇರುತ್ತದೆ. ಅಂಗೈ ಸುಲಿದು ಎರಡು ವಾರ ಗ್ಲೌಸ್ ಹಾಕಲು ಆಗಲಿಲ್ಲ ನಿಜ. ಕೂಲಿಯ ಬದಲು ಮೀನಿನ ಪಾಲು ಕೊಟ್ಟರು, ಅದೂ ಊಟದ ಖರ್ಚಲ್ಲಿ ಉಳಿಯಿತು. ನನ್ನ ಜೊತೆ ಎಳೆಯುತ್ತಿದ್ದ ಅರವತ್ತು ದಾಟಿದ ಅಜ್ಜ ಒಬ್ಬರು, "ಇಷ್ಟು ಮೈ ಕಟ್ಟಿ ಇಷ್ಟೇಯಾ ನಿನ್ನ ಜೋರು?" ಅಂದಿದ್ದರು.

65.8ರಲ್ಲಿ ಮೊದಲ ಫೈಟ್ ಸೋತೆ. ಇದನ್ನು ಮುಚ್ಚಿಡುವುದಿಲ್ಲ. ಪಾಯಿಂಟ್ಸ್ ಮೇಲೆ, ಇಬ್ಬರು ಅವನಿಗೆ, ಒಬ್ಬರು ನನಗೆ. ನಕ್ಕವರಿಗೆ ಹಬ್ಬ. ಆದರೆ ಮೂರನೇ ರೌಂಡ್ ಮುಗಿದಾಗ ನಾನು ಇನ್ನೊಂದು ರೌಂಡ್ ಆಡುವಷ್ಟು ಇದ್ದೆ. ನನ್ನ ಜನ್ಮದಲ್ಲಿ ಹಾಗಾದದ್ದು ಅದೇ ಮೊದಲು. ಮೊದಲ ರೌಂಡಿನಲ್ಲಿ ಅವನ ಭಾರ ಜಾಸ್ತಿ ಅನಿಸಿದ್ದು ನಿಜ, ಕ್ಲಿಂಚ್‌ನಲ್ಲಿ, ನಿಂತು ತಬ್ಬಿ ಹಿಡಿದಾಗ, ನನ್ನನ್ನು ಆಚೆ ಈಚೆ ತಳ್ಳಿದ. ಇಂಥವನ ಜೊತೆ ಮೊದಲ ರೌಂಡಿನಲ್ಲಿ ಬಲ ಅಳೆಯಲು ಹೋಗಬಾರದು ಅಂತ ಅಲ್ಲಿ ತಿಳಿಯಿತು. ಈಗ ಮೊದಲ ಐದು ನಿಮಿಷ ಜಾಬ್ (ಮುಂಚಾಚಿದ ಕೈಯ ನೇರ ಗುದ್ದು), ಮೊಣಕಾಲ ಕೆಳಗೆ ಕಿಕ್, ಸುಳ್ಳು ಶಾಟ್ (ಕಾಲಿಗೆ ನುಗ್ಗುವ ನಟನೆ). ಅವನು ಪ್ರತಿ ಸಲ ಸ್ಪ್ರಾಲ್ ಮಾಡಲಿ, ಪ್ರತಿ ಸಲ ಏಳಲಿ. ಬೆವರಲ್ಲಿ ಏಳೆಂಟು ಕೆಜಿ ಕಳೆದು ಒಂದೇ ದಿನದಲ್ಲಿ ತುಂಬಿಸಿಕೊಂಡು ಬಂದವನಿಗೆ ಎರಡನೇ ರೌಂಡಿನ ನಡುವೆ ಲೆಕ್ಕ ಚುಕ್ತಾ ಆಗುತ್ತದೆ. ಅವನು ಸ್ಟೂಲಿನ ಮೇಲೆ ಕೂರುವ ರೀತಿಯಲ್ಲೇ ಗೊತ್ತಾಗುತ್ತದೆ, ಕೂರುವುದಿಲ್ಲ, ಬೀಳುತ್ತಾನೆ. ಆಗ ನಿಜವಾದ ಶಾಟ್. ಇದಾದ ಮೇಲೆ ಆಡಿದ್ದನ್ನೆಲ್ಲ ಗೆದ್ದಿದ್ದೇನೆ, ಒಂದು ಮೊಣಕೈ ಹಿಂದಕ್ಕೆ ಬಾಗಿಸುವ ಆರ್ಮ್‌ಬಾರ್‌ ಪಟ್ಟಿನಲ್ಲಿ, ಉಳಿದವು ಪಾಯಿಂಟ್ಸ್ ಮೇಲೆ. ಬೆನ್ನು ಕೊಡುವ ರೋಗವೂ ಹೋಗಿದೆ, ಬಿದ್ದರೆ ಈಗ ಗಾರ್ಡಿಗೆ ತಿರುಗುತ್ತೇನೆ, ಬೆನ್ನು ನೆಲಕ್ಕೆ ಕೊಟ್ಟು ಎದುರಿನವನನ್ನು ಕಾಲಲ್ಲಿ ತಡೆಯುತ್ತೇನೆ. ಹಳಿಯಾಳದವರು ಅದನ್ನು ನೋಡಿ ಮುಖ ತಿರುಗಿಸುತ್ತಾರೆ.

ದುಡ್ಡು ಈಗ ಹೇಗೆ? 2024ರ ಜೂನ್‌ನಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದಾಗ, ನಮ್ಮ ದೇಶದ ಹೆಣ್ಣುಮಗಳೊಬ್ಬಳ ಮೊದಲ ಗೆಲುವು ಅದು, ನಮ್ಮ ಪರ್ಸೂ ದೊಡ್ಡದಾಗುತ್ತದೆ ಅಂತ ಕಾದೆವು. ಅಭಿನಂದನೆಯ ಫೋನುಗಳು ನನಗೂ ಬಂದವು, ನಾನೇನು ಗೆದ್ದಿದ್ದೆನೋ! ದುಡ್ಡು ಬರಲಿಲ್ಲ. ನನ್ನ ಕೊನೆಯ ಫೈಟಿಗೆ ಆಡಿದ್ದಕ್ಕೂ ಗೆದ್ದದ್ದಕ್ಕೂ ಸೇರಿ 70 ಸಾವಿರದ ಹತ್ತಿರ. ಸೌನಾ ಇಲ್ಲ, ಸೂಟ್ ಇಲ್ಲ, ಗ್ಲೂಕೋಸ್ ಏರಿಸಿಕೊಳ್ಳಲು ನರ್ಸಿಂಗ್ ಹೋಮ್ ಇಲ್ಲ. ಖರ್ಚು 25 ಸಾವಿರ ದಾಟಲಿಲ್ಲ. ಅದಕ್ಕಿಂತ ದೊಡ್ಡ ಉಳಿತಾಯ, ಫೈಟ್ ಮುಗಿದ ಮೂರನೇ ದಿನಕ್ಕೆ ಇಲ್ಲಿ ಹುಡುಗರಿಗೆ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಮೊದಲಾದರೆ ಎರಡು ವಾರ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ತಿಂಗಳ ಸಂಪಾದನೆ ಬರುವುದು ಕ್ಲಾಸಿನಿಂದಲೇ, ಕೇಜಿನಿಂದಲ್ಲ.

ಇದು ಎಲ್ಲರಿಗೂ ಒಗ್ಗುತ್ತದೆ ಅಂತ ಹೇಳುವುದಿಲ್ಲ. ಎರಡು ಫೈಟುಗಳ ನಡುವೆ 80ಕ್ಕೆ ಏರುವವರು ಇದನ್ನು ಮುಟ್ಟಬೇಡಿ. ವರ್ಷಪೂರ್ತಿ 71ರ ಆಸುಪಾಸು ಇರುವುದೇ ಇದರ ಅರ್ಧ ಕೆಲಸ. ಮದುವೆ ಮನೆ ಊಟ, ಜಾತ್ರೆ, ಎಲ್ಲದಕ್ಕೂ ಲೆಕ್ಕ. ಉದ್ದ ಕೈಕಾಲಿನವರಿಗೂ ಬೇರೆ ಹಾದಿ ಇರಬಹುದು, ನಾನು ಐದಡಿ ಏಳಿಂಚು.

ಸದ್ಯದ ತಲೆನೋವು ಬೇರೆ. ಆಗಸ್ಟ್ ನಡುವಿಗೆ ಫೈಟ್ ಕೊಡುತ್ತೇವೆ ಅಂತ ಕೇಳಿದ್ದಾರೆ, ದುಡ್ಡೂ ಪರವಾಗಿಲ್ಲ. ಆದರೆ ಕ್ಯಾಂಪ್ ಬೀಳುವುದು ಜೂನ್, ಜುಲೈನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಬಂದರು ಖಾಲಿ. ನಾಡದೋಣಿಯವರು ತಂದದ್ದು ಸಿಕ್ಕರೆ ಸಿಕ್ಕಿತು, ಬೆಲೆ ಕೇಳಬೇಡಿ. ಒಣಮೀನು ಮನೆಯಲ್ಲಿ ಬೇಕಾದಷ್ಟಿದೆ. ಮೂರು ನೀರಲ್ಲಿ ನೆನೆಸಿ ತೊಳೆದರೂ ಅದರ ಉಪ್ಪು ನನ್ನ ಪೊಟ್ಟಣದ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಹೋದ ಮಳೆಗಾಲದಲ್ಲಿ ಪರೀಕ್ಷೆಗೆ ಅಂತ ಒಂದು ವಾರ ತಿಂದೆ, ಒಂದೂವರೆ ಕೆಜಿ ನೀರು ಮೈಯಲ್ಲೇ ನಿಂತಿತು. ಕೋಳಿ ಆಗುತ್ತದೆ, ಆದರೆ ಎರಡು ತಿಂಗಳು ಬರೀ ಕೋಳಿ ತಿಂದು ನಾನು ಬದುಕುವವನಲ್ಲ. ಬೈತಖೋಲದ ಪರಿಚಯದವರ ಕೋಲ್ಡ್ ಸ್ಟೋರೇಜಿನಲ್ಲಿ ಮೇ ಕೊನೆಗೆ ಹದಿನೈದು ಇಪ್ಪತ್ತು ಕೆಜಿ ಕಾಣೆ ಹಾಕಿಡಲು ಜಾಗ ಕೇಳಿದ್ದೇನೆ. ಬಾಡಿಗೆ ಎಷ್ಟು ಹೇಳುತ್ತಾರೋ ನೋಡಿಕೊಂಡು ಪ್ರಮೋಟರ್‌ಗೆ ಉತ್ತರ ಕೊಡಬೇಕು.